ಹಾಲು ಹೋಯಿತು, ರಸೀದಿ ಹೋಯಿತು!

ಕಳೆದ ತಿಂಗಳು ಒಂದು ಸಂಜೆ. ಏಳನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಮುಖ ಊದಿಸಿಕೊಂಡು ಬಂದು ನನ್ನ ಕುರ್ಚಿಯ ಪಕ್ಕ ಕುಳಿತಳು. ನಾವೆಲ್ಲ ಅವಳನ್ನು ಪುಟ್ಟಿ ಎಂದೇ ಕರೆಯುವುದು. ಕೈಯಲ್ಲಿ ಇಂಗ್ಲಿಷ್ ನೋಟ್ ಪುಸ್ತಕ. ಬಿಟ್ಟ ಸ್ಥಳ ತುಂಬುವ ಹತ್ತು ವಾಕ್ಯಗಳಲ್ಲಿ ಐದಕ್ಕೆ ಕೆಂಪು ಗೆರೆ ಬಿದ್ದಿತ್ತು.

ಕನ್ನಡಕ ಹಾಕಿಕೊಂಡು ಓದಿದೆ. ‘ಮೈ ಡ್ರೀಮ್ ವೆಂಟ್ ಟ್ರೂ’ ಎಂದು ಬರೆದಿದ್ದಳು. ತಪ್ಪು. ‘ಐ ವೆಂಟ್ ಟಯರ್ಡ್’. ಅದೂ ತಪ್ಪು. ‘ಮೈ ಗ್ರ್ಯಾಂಡ್‌ಫಾದರ್ ಈಸ್ ಗೋಯಿಂಗ್ ಓಲ್ಡ್’ ಎಂಬುದಕ್ಕೂ ಕೆಂಪು ಗೆರೆ. ವಿಷಯ ಮಾತ್ರ ನೂರಕ್ಕೆ ನೂರು ಸರಿ, ಇಂಗ್ಲಿಷ್ ತಪ್ಪು!

“ಅಜ್ಜಾ, ‘ದಿ ಮಿಲ್ಕ್ ವೆಂಟ್ ಸವರ್’ ಅಂದ್ರೆ ಸರಿಯಂತೆ. ಹಾಲಿಗೆ ‘ವೆಂಟ್’ ಸರಿಯಾದ್ರೆ ಕನಸಿಗೆ ಯಾಕೆ ತಪ್ಪು?” ಎಂದಳು.

ಒಳ್ಳೆಯ ಪ್ರಶ್ನೆ. ಉತ್ತರ ಹುಡುಕುತ್ತಿದ್ದೆ. ಅಷ್ಟರಲ್ಲಿ ಅಡುಗೆಮನೆಯಿಂದ ನನ್ನಾಕೆಯ ದನಿ ಕೇಳಿತು: “ಅಯ್ಯೋ, ಹಾಲು ಒಡೆದು ಹೋಯ್ತಲ್ಲ!”

“ಪುಟ್ಟಿ, ಉತ್ತರ ಅಜ್ಜಿ ಹೇಳಿಬಿಟ್ಟಳು ನೋಡು” ಎಂದೆ.

ಕೆಡುವುದಕ್ಕೆ ಒಂದು ‘ಗೋ’

‘ಗೋ’ ಎಂದರೆ ಹೋಗು. ಒಂದನೇ ತರಗತಿಯ ಮಗುವಿಗೂ ಗೊತ್ತು. ಇಂಗ್ಲಿಷಿನಲ್ಲಿ ಅದಕ್ಕಿರುವುದು ಎರಡೇ ಅಕ್ಷರ. ಆದರೆ ಅದರ ಮುಂದೆ ಒಂದು ಗುಣವಾಚಕ ಬಂದು ನಿಂತರೆ ಅದು ಎಲ್ಲಿಗೂ ಹೋಗುವುದಿಲ್ಲ. ಆಗ ಅದರ ಅರ್ಥ ‘ಆಗು’ ಎಂದು. ಅದೂ ಹೆಚ್ಚಾಗಿ ಇದ್ದ ಸ್ಥಿತಿಯಿಂದ ಕೆಟ್ಟ ಸ್ಥಿತಿಗೆ ಇಳಿಯುವುದು.

ಹಾಲು ಹುಳಿಯಾದರೆ ‘ಗೋ ಸವರ್’. ಬ್ರೆಡ್ ಹಳಸಿದರೆ ‘ಗೋ ಸ್ಟೇಲ್’, ಬೂಷ್ಟು ಹಿಡಿದರೆ ‘ಗೋ ಮೋಲ್ಡಿ’. ಅಡುಗೆ ಕೆಟ್ಟರೆ ‘ಗೋ ಬ್ಯಾಡ್’. ಸೈಕಲ್ ಟೈರಿನ ಗಾಳಿ ಇಳಿದರೆ ‘ಗೋ ಫ್ಲ್ಯಾಟ್’. ಮುಚ್ಚಳ ತೆಗೆದಿಟ್ಟ ಸೋಡಾದ ಗ್ಯಾಸ್ ಹೋದರೂ ‘ಗೋ ಫ್ಲ್ಯಾಟ್’. ಮಾತನಾಡುತ್ತಿದ್ದಂತೆ ಫೋನ್ ಸತ್ತರೆ ‘ಗೋ ಡೆಡ್’. ಚಕ್ಕಳಮಕ್ಕಳ ಹಾಕಿ ಕುಳಿತು ಕಾಲು ಜೋಮು ಹಿಡಿದರೆ ‘ಗೋ ನಂಬ್’. ಲೆಕ್ಕ ತಪ್ಪಿದರೆ ‘ಗೋ ರಾಂಗ್’.

ನನ್ನ ವಯಸ್ಸಿನವರಿಗೂ ಇಲ್ಲಿ ಸಾಕಷ್ಟು ಪಾಲಿದೆ. ತಲೆ ನರೆತರೆ ‘ಗೋ ಗ್ರೇ’, ಬೋಳಾದರೆ ‘ಗೋ ಬಾಲ್ಡ್’, ಕಿವಿ ಕೇಳದಾದರೆ ‘ಗೋ ಡೆಫ್’, ಕಣ್ಣು ಕಾಣದಾದರೆ ‘ಗೋ ಬ್ಲೈಂಡ್’. ಇನ್ನು ಬ್ಯಾಂಕಿನವರು ಕೇಳಿದರೆ ಬೆಚ್ಚಿ ಬೀಳುವ ಮಾತು ‘ಗೋ ಬ್ಯಾಂಕ್‌ರಪ್ಟ್’, ಎಂದರೆ ದಿವಾಳಿಯಾಗುವುದು.

ಈಗ ನಮ್ಮ ಕನ್ನಡವನ್ನು ಕೇಳಿ. ಹಾಲು ಒಡೆದು ಹೋಯಿತು. ಬಾವಿ ಬತ್ತಿ ಹೋಯಿತು. ಬಳೆ ಒಡೆದು ಹೋಯಿತು. ಪೆನ್ನು ಕಳೆದು ಹೋಯಿತು. ಓದಿದ್ದೆಲ್ಲ ಮರೆತು ಹೋಯಿತು. ಇದರಲ್ಲಿ ಯಾವುದು ಎಲ್ಲಿಗೆ ಹೋಯಿತು? ಹಾಲು ಪಾತ್ರೆಯಲ್ಲೇ ಇದೆ, ಬಾವಿ ಹಿತ್ತಲಲ್ಲೇ ಇದೆ! ಕೆಟ್ಟದ್ದನ್ನು, ಮತ್ತೆ ಮೊದಲಿನಂತೆ ಆಗದ್ದನ್ನು ಹೇಳುವಾಗ ನಾವೂ ‘ಹೋಗು’ ಎಂಬ ಪದವನ್ನೇ ಹಿಂದೆ ಜೋಡಿಸುತ್ತೇವೆ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆಯನ್ನು ಅಜ್ಜಿಯಂದಿರು ಸುಮ್ಮನೆ ಹೇಳುತ್ತಿರಲಿಲ್ಲ. ಎಲ್ಲಿಯ ಇಂಗ್ಲೆಂಡು, ಎಲ್ಲಿಯ ಮಲೆನಾಡು! ಆದರೂ ಹಾಲು ಕೆಟ್ಟಾಗ ಇಬ್ಬರ ಬಾಯಲ್ಲೂ ಹೆಚ್ಚುಕಡಿಮೆ ಒಂದೇ ಪದ ಬರುತ್ತದೆ.

ಕನಸು ಹೋಗುವುದಿಲ್ಲ, ಬರುತ್ತದೆ

ಹಾಗಾದರೆ ಕನಸು? ಕನಸು ನನಸಾಗುವುದು ಒಳ್ಳೆಯ ಸಂಗತಿಯಲ್ಲವೆ? ಅದಕ್ಕೆ ‘ಗೋ’ ಒಗ್ಗುವುದಿಲ್ಲ, ‘ಕಮ್’ ಬೇಕು. ‘ಮೈ ಡ್ರೀಮ್ ಕೇಮ್ ಟ್ರೂ’. ಕನ್ನಡದಲ್ಲೂ ಕಾಲ ಕೂಡಿ ಬರುತ್ತದೆ, ಅದೃಷ್ಟ ಒಲಿದು ಬರುತ್ತದೆ, ಅವಕಾಶ ಒದಗಿ ಬರುತ್ತದೆ. ಕೆಟ್ಟದ್ದು ನಮ್ಮಿಂದ ದೂರ ಹೋಗುತ್ತದೆ, ಒಳ್ಳೆಯದು ನಮ್ಮ ಕಡೆಗೆ ಬರುತ್ತದೆ ಎಂದು ನೆನಪಿಟ್ಟುಕೋ ಎಂದೆ.

ಪುಟ್ಟಿ ಸುಲಭಕ್ಕೆ ಒಪ್ಪುವವಳಲ್ಲ. “ಹಾಗಾದ್ರೆ ಜ್ವರ ಬಂತು ಅಂತೀವಲ್ಲ ಅಜ್ಜಾ, ಜ್ವರ ಒಳ್ಳೇದಾ?” ಎಂದಳು.

ಸೋತೆ. ಇಂಗ್ಲಿಷಿನಲ್ಲೂ ಹಾಗೆಯೇ. ಶೂ ಲೇಸ್ ಬಿಚ್ಚಿಕೊಂಡರೆ ‘ಕಮ್ ಅನ್‌ಡನ್’, ಸ್ಕ್ರೂ ಸಡಿಲವಾದರೆ ‘ಕಮ್ ಲೂಸ್’. ಅದರಲ್ಲಿ ಒಳ್ಳೆಯದೇನಿದೆ? ‘ಗೋ’ ಕೂಡ ಯಾವಾಗಲೂ ಕೆಟ್ಟದ್ದಲ್ಲ. ನಾಚಿಕೆಯಿಂದ ಮುಖ ಕೆಂಪಾದರೆ ‘ಗೋ ರೆಡ್’, ತರಗತಿ ಇದ್ದಕ್ಕಿದ್ದಂತೆ ಮೌನವಾದರೆ ‘ಗೋ ಕ್ವಯಟ್’. ಕಂಪನಿಯೊಂದು ತನ್ನ ಷೇರುಗಳನ್ನು ಮೊದಲ ಬಾರಿಗೆ ಸಾರ್ವಜನಿಕರಿಗೆ ಮಾರಲು ಹೊರಟರೆ ‘ಗೋ ಪಬ್ಲಿಕ್’. ನಿಮ್ಮ ಮೊಬೈಲಿನಲ್ಲಿ ವಿಡಿಯೋ ಊರೆಲ್ಲ ಹರಡಿದರೆ ‘ಗೋ ವೈರಲ್’. ಆದ್ದರಿಂದ ನಾನು ಹೇಳಿದ್ದು ಕಾಯಿದೆಯಲ್ಲ, ದಾರಿ ತೋರಿಸುವ ಕೈಮರ. ಹೆಚ್ಚಿನ ಸಲ ಸರಿಯಾದ ಕಡೆಗೇ ತೋರಿಸುತ್ತದೆ.

ಕೆಟ್ಟದ್ದೆಲ್ಲ ‘ಗೋ’ ಜೊತೆಗೇ ಬರುತ್ತದೆ ಎಂದೂ ತಿಳಿಯಬೇಡಿ. ದಣಿದರೆ ‘ಗೆಟ್ ಟಯರ್ಡ್’. ನೆನೆದರೆ ‘ಗೆಟ್ ವೆಟ್’. ಸಿಟ್ಟು ಬಂದರೆ ‘ಗೆಟ್ ಆ್ಯಂಗ್ರಿ’. ವಯಸ್ಸಾದರೆ ‘ಗೆಟ್ ಓಲ್ಡ್’ ಅಥವಾ ‘ಗ್ರೋ ಓಲ್ಡ್’. ಕಾಯಿಲೆ ಬಿದ್ದರೆ ‘ಫಾಲ್ ಇಲ್’. ಕನ್ನಡದಲ್ಲಿ ನಾವು ಕಾಯಿಲೆ ಬೀಳುತ್ತೇವೆ, ಇಂಗ್ಲಿಷಿನವರೂ ಬೀಳುತ್ತಾರೆ! ಇವನ್ನು ಗಂಡ ಹೆಂಡತಿಯ ಜೋಡಿಯ ಹಾಗೆ ಒಟ್ಟಿಗೇ ಪರಿಚಯ ಮಾಡಿಕೊಳ್ಳಬೇಕು. ಬಿಡಿಬಿಡಿಯಾಗಿ ಪದ ಉರು ಹೊಡೆದರೆ ಪರೀಕ್ಷೆಯ ಹೊತ್ತಿಗೆ ಇವನ ಜೊತೆ ಅವಳನ್ನು ಕೂರಿಸಿಬಿಡುತ್ತೇವೆ.

ಒಂದು ಪದ ತಪ್ಪಿದ್ದಕ್ಕೆ

“ಅಷ್ಟಕ್ಕೂ ಒಂದು ಪದ ತಪ್ಪಾದ್ರೆ ಏನಾಗುತ್ತೆ? ಅರ್ಥ ಆದ್ರೆ ಸಾಕಲ್ವಾ?” ಎಂದು ಪುಟ್ಟಿ ಪುಸ್ತಕ ಮುಚ್ಚಿದಳು.

ಆಗ ನಾನು, ನನ್ನಾಕೆಗೂ ಪೂರ್ತಿ ಹೇಳದಿದ್ದ ಒಂದು ಸಂಗತಿಯನ್ನು ಅವಳಿಗೆ ಹೇಳಿದೆ.

1979ನೇ ಇಸವಿ. ಮಲೆನಾಡಿನ ಒಂದು ಸಣ್ಣ ಊರಿನ ಬ್ಯಾಂಕ್ ಶಾಖೆಯಲ್ಲಿ ಗುಮಾಸ್ತನಾಗಿದ್ದೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಕಾಂ. ಲೆಡ್ಜರಿನಲ್ಲಿ ನನ್ನ ಕೂಡು ಕಳೆ ಒಂದು ಪೈಸೆ ತಪ್ಪುತ್ತಿರಲಿಲ್ಲ. ಇಂಗ್ಲಿಷ್ ಕಾಗದ ಬರೆಯುವಾಗ ಮಾತ್ರ ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಂಡು, ಅದನ್ನು ಪದಕ್ಕೆ ಪದ ಇಳಿಸುತ್ತಿದ್ದೆ.

ಜೂನ್ ಕೊನೆಯ ವಾರ. ಧೋ ಎಂದು ಮಳೆ. ಒಬ್ಬ ವಿಧವೆ ತಾಯಿ ಕಂಬಳಿ ಕೊಪ್ಪೆ ಹಾಕಿಕೊಂಡು ನಾಲ್ಕು ಮೈಲಿ ನಡೆದು ಬಂದಿದ್ದರು. ಅವರದೊಂದು ಮೂರು ಸಾವಿರ ರೂಪಾಯಿಯ ನಿಶ್ಚಿತ ಠೇವಣಿ ಅವಧಿ ಮುಗಿದಿತ್ತು. ಮನೆಯ ಹೆಂಚು ಒಡೆದು ಸೋರುತ್ತಿದೆ, ಹಣ ಬಂದರೆ ಹೊಸ ಹೆಂಚು ಹಾಕಿಸಬೇಕು ಎಂದರು. ಆಮೇಲೆ ಬಾಳೆಲೆಯಲ್ಲಿ ಸುತ್ತಿದ್ದ ಕಾಗದವೊಂದನ್ನು ಕೌಂಟರಿನ ಮೇಲಿಟ್ಟರು.

“ರಸೀದಿ ಹೋಯ್ತು ತಮ್ಮಾ. ಪೆಟ್ಟಿಗೆ ಮೇಲೇ ಸೋರಿದೆ” ಎಂದರು.

ರಸೀದಿ ನೆನೆದು ಮೆತ್ತಗಾಗಿ, ಮಡಿಕೆಯಲ್ಲಿ ಹರಿದಿತ್ತು. ಶಾಯಿ ಹರಡಿ ಮೊತ್ತ ಮಸುಕಾಗಿತ್ತು. ಆದರೆ ನಂಬರು, ಹೆಸರು ಎರಡೂ ಓದಲು ಬರುತ್ತಿದ್ದವು. ಮ್ಯಾನೇಜರು ನೋಡಿ, “ಇದಕ್ಕೆ ಮೇಲಿನ ಕಚೇರಿಯ ಅನುಮತಿ ಇರಲಿ, ಒಂದು ಕಾಗದ ಬರೀರಿ” ಎಂದರು. ಬರೆದೆ. ಆ ತಾಯಿ ಹೇಳಿದ್ದನ್ನೇ ಇಂಗ್ಲಿಷಿಗೆ ಇಳಿಸಿದೆ: ‘ದಿ ರಿಸೀಟ್ ಹ್ಯಾಸ್ ಗಾನ್ ಡ್ಯೂ ಟು ರೇನ್’. ಮ್ಯಾನೇಜರು ಸಹಿ ಮಾಡಬೇಕಾದ ಕಾಗದದ ರಾಶಿಯಲ್ಲಿ ಅದಕ್ಕೂ ಸಹಿ ಬಿತ್ತು. ಮರುದಿನ ಅವರು ರಜೆಯ ಮೇಲೆ ಊರಿಗೆ ಹೋದರು.

ಕನ್ನಡದಲ್ಲಿ ‘ರಸೀದಿ ಹೋಯ್ತು’ ಎಂದರೆ ಕೆಟ್ಟು ಹೋಯಿತು ಎಂದೂ ಆಗುತ್ತದೆ, ಕಳೆದು ಹೋಯಿತು ಎಂದೂ ಆಗುತ್ತದೆ. ಇಂಗ್ಲಿಷಿನಲ್ಲಿ ‘ಗಾನ್’ ಎಂಬುದನ್ನು ಒಂಟಿಯಾಗಿ ನಿಲ್ಲಿಸಿದರೆ ಅದು ಇಲ್ಲವಾಯಿತು, ಈಗ ಕೈಯಲ್ಲಿಲ್ಲ ಎಂದೇ ಅರ್ಥ. ಕೆಟ್ಟಿದೆ ಎನ್ನಲು ಅದರ ಮುಂದೆ ಹೇಗೆ ಕೆಟ್ಟಿತು ಎಂಬ ಗುಣವಾಚಕ ಬೇಕೇ ಬೇಕು. ನಾನು ಆ ಜೋಡಿಯನ್ನೇ ಬಿಟ್ಟಿದ್ದೆ. ‘ಹ್ಯಾಸ್ ಗಾಟ್ ವೆಟ್’ ಎಂದೋ, ‘ಈಸ್ ಡ್ಯಾಮೇಜ್ಡ್’ ಎಂದೋ ಬರೆದಿದ್ದರೆ ಮುಗಿಯುತ್ತಿತ್ತು.

ಹದಿನೈದು ದಿನಕ್ಕೆ ಉತ್ತರ ಬಂತು. ರಸೀದಿ ಕಳೆದಿರುವುದರಿಂದ ಛಾಪಾ ಕಾಗದದ ಮೇಲೆ ನಷ್ಟ ಭರ್ತಿ ಪತ್ರ ಬರೆಸಿ, ಇಬ್ಬರ ಜಾಮೀನು ತೆಗೆದುಕೊಂಡು, ಆಮೇಲೆ ಹಣ ಕೊಡಿ ಎಂದು. ಕಳೆದ ರಸೀದಿಗೆ ಅದೇ ಸರಿಯಾದ ಕ್ರಮ. ಅವರದೇನೂ ತಪ್ಪಿಲ್ಲ. ನಾನು ಆ ತಾಯಿಗೆ ಹಾಗೆಯೇ ಹೇಳಿದೆ. ರಸೀದಿ ನಮ್ಮ ಫೈಲಿನಲ್ಲೇ ಇದೆ, ಮತ್ತೇಕೆ ಜಾಮೀನು ಎಂಬ ಯೋಚನೆ ನನಗೆ ಹೊಳೆಯಲಿಲ್ಲ. ಮೇಲಿನವರು ಹೇಳಿದ ಮೇಲೆ ಮುಗಿಯಿತು ಎಂದುಕೊಂಡೆ.

ಅವರು ಛಾಪಾ ಕಾಗದಕ್ಕೆ ತಾಲ್ಲೂಕು ಕೇಂದ್ರಕ್ಕೆ ಅಲೆದರು. ಒಬ್ಬರು ಜಾಮೀನಿಗೆ ಒಪ್ಪಿದರು, ಇನ್ನೊಬ್ಬರು ಸಿಗಲಿಲ್ಲ. ಗದ್ದೆ ನಾಟಿಯ ಹೊತ್ತಿನಲ್ಲಿ ಯಾರಿಗೆ ಬಿಡುವು? ಹೀಗೇ ಮೂರು ವಾರ ಕಳೆಯಿತು. ರಜೆ ಮುಗಿಸಿ ಬಂದ ಮ್ಯಾನೇಜರು ಒಂದು ದಿನ ಆ ಫೈಲು ತೆರೆದು, “ಏನ್ರೀ ಇದು, ರಸೀದಿ ಇಲ್ಲೇ ಇದೆಯಲ್ಲ! ಕಳೆದಿದೆ ಅಂತ ಯಾರು ಬರೆದದ್ದು?” ಎಂದು ಕೇಳಿದರು. ಕಾಗದ ತೆಗೆದು ಓದಿದರು. ನನ್ನ ಮುಖ ನೋಡಿದರು. ಬೈಯಲಿಲ್ಲ. ತಾವೇ ಕುಳಿತು ಎರಡು ಸಾಲಿನ ಹೊಸ ಕಾಗದ ಬರೆದರು. ಅನುಮತಿ ಬಂತು.

ಹಣ ತೆಗೆದುಕೊಂಡು ಹೋಗಲು ಆ ತಾಯಿ ಬಂದ ದಿನ ಕೇಳಿದೆ, “ಹೆಂಚು ಯಾವಾಗ ಹಾಕಿಸ್ತೀರಮ್ಮ?”

“ಹೆಂಚಿಗೆ ಈಗೆಲ್ಲಿ ತಮ್ಮಾ? ಹಿಂದಿನ ಗೋಡೆ ಹೋಯ್ತು. ಕೊಟ್ಟಿಗೆ ಕಡೇದು. ಮೊದಲು ಅದನ್ನ ಎಬ್ಬಿಸಬೇಕು” ಎಂದರು.

ಮಣ್ಣಿನ ಗೋಡೆ. ಸೋರಿದ ನೀರು ಇಳಿದು ಇಳಿದು ಕುಸಿದಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ, ದನ ಮೇಯಲು ಹೋಗಿತ್ತಂತೆ. ತಡವಾದದ್ದಕ್ಕೆ ಅವರು ಯಾರನ್ನೂ ದೂರಲಿಲ್ಲ. ನಾನಾಗಿಯೇ, “ಏನು ಮಾಡೋದಮ್ಮ, ಮೇಲಿನ ಕಚೇರಿಯವರು ತಡ ಮಾಡಿಬಿಟ್ಟರು” ಎಂದೆ.

ಅದು ಸುಳ್ಳು. ಅವರು “ಇರಲಿ ಬಿಡಪ್ಪಾ, ನೀನಾದರೂ ಓಡಾಡಿ ಮಾಡಿಸಿಕೊಟ್ಟೆಯಲ್ಲ” ಎಂದು, ಚೀಲದಿಂದ ನಾಲ್ಕು ಬಾಳೆಹಣ್ಣು ತೆಗೆದು ನನ್ನ ಮುಂದೆ ಇಟ್ಟು ಹೋದರು.

ಮುಂದಿನ ವರ್ಷ ನನಗೆ ವರ್ಗವಾಯಿತು. ಅವರನ್ನು ಮತ್ತೆ ನೋಡಲಿಲ್ಲ.

ಪುಟ್ಟಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ನೀನು ಸಾರಿ ಹೇಳಲೇ ಇಲ್ವಾ ಅಜ್ಜಾ?” ಎಂದಳು.

“ಇಲ್ಲ ಮರಿ” ಎಂದೆ.

ಹಸಿವಿನಲ್ಲೂ ಎರಡು ಬಗೆ

ಆ ಘಟನೆಯ ಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಇಂಗ್ಲಿಷ್ ಪದವನ್ನು ಅದರ ಜೋಡಿಯ ಸಮೇತ ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡುವುದು. ನಿವೃತ್ತಿಯಾಗುವವರೆಗೂ ಆ ಪುಸ್ತಕ ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಪುಟ್ಟಿಗೆ ಅದನ್ನು ಹುಡುಕಿ ಕೊಟ್ಟೆ. ಅದರಿಂದ ಇನ್ನು ಕೆಲವನ್ನು ನಿಮಗೂ ಹೇಳುತ್ತೇನೆ.

‘ಗೆಟ್ ಹಂಗ್ರಿ’ ಮತ್ತು ‘ಗೋ ಹಂಗ್ರಿ’ ಒಂದೇ ಅಲ್ಲ. ಸಂಜೆ ನಾಲ್ಕು ಗಂಟೆಗೆ ಶಾಲೆಯಿಂದ ಬಂದ ಮಗುವಿಗೆ ಹಸಿವಾಗುವುದು ‘ಗೆಟ್ ಹಂಗ್ರಿ’. ತಿನ್ನಲು ಏನೂ ಸಿಗದೆ ಹಸಿದೇ ಇರುವುದು ‘ಗೋ ಹಂಗ್ರಿ’. ಮೊದಲನೆಯದಕ್ಕೆ ಅಜ್ಜಿ ಚಕ್ಕುಲಿ ಕೊಡುತ್ತಾಳೆ. ಎರಡನೆಯದು ಯಾವ ಮಗುವಿಗೂ ಬರಬಾರದು ಎಂದೇ ನಮ್ಮ ಸರ್ಕಾರಿ ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟ ಇರುವುದು. ಚಪ್ಪಲಿಯಿಲ್ಲದೆ ಬರಿಗಾಲಲ್ಲಿ ಓಡಾಡುವುದೂ ಹೀಗೆಯೇ, ‘ಗೋ ಬೇರ್‌ಫುಟ್’.

‘ಅನ್’ ಎಂದು ಶುರುವಾಗುವ ಎಷ್ಟೋ ಪದಗಳೂ ‘ಗೋ’ ಜೊತೆ ಚೆನ್ನಾಗಿ ಕೂಡುತ್ತವೆ. ಯಾರೂ ಗಮನಿಸದೆ ಉಳಿದರೆ ‘ಗೋ ಅನ್‌ನೋಟಿಸ್ಡ್’, ಉತ್ತರ ಸಿಗದೆ ಉಳಿದರೆ ‘ಗೋ ಅನ್‌ಆನ್ಸರ್ಡ್’. ಬ್ಯಾಂಕಿನಲ್ಲಿ ನಾವು ನೋಡುತ್ತಿದ್ದದ್ದು ‘ಗೋ ಅನ್‌ಕ್ಲೇಮ್ಡ್’, ಅಂದರೆ ಯಾರೂ ಕೇಳಲು ಬಾರದ ಹಣ. ಅಜ್ಜ ಅಜ್ಜಿಯರೇ, ಇದು ನಿಮಗೆ: ಹತ್ತು ವರ್ಷ ಯಾರೂ ಕೇಳದ ಠೇವಣಿಯನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಕಳುಹಿಸಬೇಕು. 2014ರಿಂದ ಈ ವ್ಯವಸ್ಥೆ ಇದೆ. ಆದರೆ ಹಾಗೆ ಹೋದ ಹಣ ಮುಳುಗಿ ಹೋಗುವುದಿಲ್ಲ. ಖಾತೆದಾರರೋ ವಾರಸುದಾರರೋ ತಮ್ಮ ಬ್ಯಾಂಕಿನಲ್ಲಿ ದಾಖಲೆ ಕೊಟ್ಟು ಕೇಳಬಹುದು. ಹುಡುಕಲು ರಿಸರ್ವ್ ಬ್ಯಾಂಕ್ 2023ರಲ್ಲಿ ‘ಉದ್ಗಮ್’ ಎಂಬ ಜಾಲತಾಣವನ್ನೂ ತೆರೆದಿದೆ. ಹಳೆಯ ಪಾಸ್‌ಬುಕ್ ಇದ್ದರೆ ಮೊಮ್ಮಕ್ಕಳ ಜೊತೆ ಕುಳಿತು ಒಮ್ಮೆ ನೋಡಿ. ನಾಮಿನಿ ಹೆಸರು ಬರೆಸಿದ್ದೀರಾ ಎಂದೂ ನೋಡಿಕೊಳ್ಳಿ.

ಶಾಲೆಗೆ ‘ದಿ’ ಬೇಡ, ಬ್ಯಾಂಕಿಗೆ ಬೇಕು

ಇನ್ನು ನಾಮಪದಗಳ ಸರದಿ. ಇಲ್ಲಿ ‘ಗೋ’ ನಿಜವಾಗಿಯೂ ಹೋಗುತ್ತದೆ. ಓದಲು ಹೋಗುವ ಮಗು ‘ಗೋ ಟು ಸ್ಕೂಲ್’, ಮಲಗಲು ಹೋದರೆ ‘ಗೋ ಟು ಬೆಡ್’. ನಡುವೆ ‘ದಿ’ ಇಲ್ಲ. ಆದರೆ ಮಗುವಿನ ಶುಲ್ಕ ಕಟ್ಟಲು ಅಪ್ಪ ಹೋದರೆ ‘ಗೋ ಟು ದಿ ಸ್ಕೂಲ್’. ಆ ಜಾಗ ಯಾವ ಕೆಲಸಕ್ಕಾಗಿ ಇದೆಯೋ ಅದೇ ಕೆಲಸಕ್ಕೆ ಹೋದರೆ ‘ದಿ’ ಬೇಡ, ಬೇರೆ ಕೆಲಸಕ್ಕೆ ಹೋದರೆ ಬೇಕು. ಈ ಮರ್ಯಾದೆ ಇರುವುದು ಕೆಲವೇ ಜಾಗಗಳಿಗೆ. ಬ್ಯಾಂಕಿಗೆ ಯಾವ ಕೆಲಸಕ್ಕೆ ಹೋದರೂ ‘ಗೋ ಟು ದಿ ಬ್ಯಾಂಕ್’. ಮನೆಗಂತೂ ‘ಟು’ ಕೂಡ ಬೇಡ, ‘ಗೋ ಹೋಮ್’ ಅಷ್ಟೆ. ಸ್ವಂತ ಮನೆಗೆ ಹೋಗಲು ಯಾರ ಅಪ್ಪಣೆ ಬೇಕು ಹೇಳಿ!

ಇನ್ನೊಂದು ವ್ಯತ್ಯಾಸ. ‘ಹಿ ಹ್ಯಾಸ್ ಗಾನ್ ಟು ಮೈಸೂರು’ ಎಂದರೆ ಹೋದವನು ಇನ್ನೂ ಬಂದಿಲ್ಲ. ‘ಹಿ ಹ್ಯಾಸ್ ಬೀನ್ ಟು ಮೈಸೂರು’ ಎಂದರೆ ಹೋಗಿ ಬಂದಿದ್ದಾನೆ. ನಮ್ಮ ಮನೆಗಳಲ್ಲಿ ಹೊರಡುವವರು ‘ಹೋಗ್ತೀನಿ’ ಎಂದರೆ ಹಿರಿಯರು ತಡೆದು ‘ಹೋಗಿ ಬರ್ತೀನಿ ಅನ್ನು’ ಎನ್ನುತ್ತಾರಲ್ಲ, ಅದು ಇಲ್ಲಿ ನೆನಪಾಗುತ್ತದೆ.

“ಗೋ ಇದ್ದದ್ದು ವೆಂಟ್ ಹೇಗಾಯ್ತು?” ಎಂಬ ಅನುಮಾನ ನಿಮಗೂ ಬಂದಿರಬಹುದು. ‘ವೆಂಟ್’ ಅದರ ಸ್ವಂತ ಮಗುವಲ್ಲ, ದತ್ತು ಮಗು. ‘ವೆಂಡ್’ ಎಂಬ ಹಳೆಯ ಕ್ರಿಯಾಪದವೊಂದಿತ್ತು. ‘ಸೆಂಡ್’ಗೆ ‘ಸೆಂಟ್’ ಇರುವ ಹಾಗೆ ‘ವೆಂಡ್’ಗೆ ‘ವೆಂಟ್’. ‘ವೆಂಡ್’ನ ಬಳಕೆ ಕಡಿಮೆಯಾಗಿ, ‘ವೆಂಟ್’ ಬಂದು ‘ಗೋ’ ಮನೆ ಸೇರಿತು.

ನೀವೂ ಮಾಡಿ ನೋಡಿ

ಮಕ್ಕಳೇ, ಇಲ್ಲಿ ಐದು ವಾಕ್ಯಗಳಿವೆ. ವೆಂಟ್, ಗಾಟ್, ಕೇಮ್, ಫೆಲ್ ಇವುಗಳಲ್ಲಿ ಸರಿಯಾದುದನ್ನು ತುಂಬಿ. ಒಂದು ಪದ ಎರಡು ಸಲ ಬರುತ್ತದೆ. ಅಜ್ಜ ಅಜ್ಜಿಯರನ್ನೂ ಕೇಳಿ.

1. ಪುಸ್ತಕ ನೆನೆಯಿತು: ದಿ ಬುಕ್ ____ ವೆಟ್.
2. ಬ್ರೆಡ್ ಹಳಸಿತು: ದಿ ಬ್ರೆಡ್ ____ ಸ್ಟೇಲ್.
3. ಮಗು ನಿದ್ದೆ ಹೋಯಿತು: ದಿ ಬೇಬಿ ____ ಅಸ್ಲೀಪ್.
4. ಅವಳ ಕನಸು ನನಸಾಯಿತು: ಹರ್ ಡ್ರೀಮ್ ____ ಟ್ರೂ.
5. ತಾತನ ತಲೆ ನರೆಯಿತು: ಗ್ರ್ಯಾಂಡ್‌ಫಾದರ್ಸ್ ಹೇರ್ ____ ಗ್ರೇ.

ಉತ್ತರ: 1. ಗಾಟ್ 2. ವೆಂಟ್ 3. ಫೆಲ್ 4. ಕೇಮ್ 5. ವೆಂಟ್. ಮೂರನೆಯದನ್ನು ಗಮನಿಸಿ. ಕನ್ನಡದಲ್ಲಿ ನಿದ್ದೆ ‘ಹೋದ’ ಮಗು ಇಂಗ್ಲಿಷಿನಲ್ಲಿ ನಿದ್ದೆಗೆ ‘ಬೀಳುತ್ತದೆ’. ನಾನು 1979ರಲ್ಲಿ ಮಾಡಿದ ಹಾಗೆ ಪದಕ್ಕೆ ಪದ ಇಳಿಸಿದರೆ ಇಲ್ಲೂ ತಪ್ಪುತ್ತೇವೆ.

ಪುಟ್ಟಿ ಹತ್ತೂ ವಾಕ್ಯಗಳನ್ನು ತಿದ್ದಿ ಬರೆದುಕೊಂಡು ಹೋದಳು. ಮರುದಿನ ಬೆಳಿಗ್ಗೆ ನನ್ನ ಹಳೆಯ ಸಣ್ಣ ಪುಸ್ತಕ ಮೇಜಿನ ಮೇಲಿತ್ತು. ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ ಒಂದು ಹೊಸ ಜೋಡಿ ಸೇರಿತ್ತು: ‘ಗೋ ಅನ್‌ಸೆಡ್’. ಹೇಳದೆ ಉಳಿಯುವುದು.

ಆ ತಾಯಿಗೆ ಈಗ ನಾನು ಹೇಳಲಾರೆ. ಆದರೆ ಅವರ ಮನೆಯವರೋ, ಆ ಊರಿನವರೋ ಯಾರಾದರೂ ಇದನ್ನು ಓದಿದರೆ ತಿಳಿಯಲಿ. ಆ ವರ್ಷ ಹಣ ತಡವಾದದ್ದು ಮೇಲಿನ ಕಚೇರಿಯವರಿಂದಲ್ಲ, ಕೌಂಟರಿನಲ್ಲಿ ಕುಳಿತಿದ್ದ ಗುಮಾಸ್ತನಿಂದ. ತಪ್ಪಾಯಿತು ಅಮ್ಮ.